ಐವತ್ತೆರಡು ಕಟ್ಟು ಒಡೆದು ಕಟ್ಟಿದ ಎಲೆಗಳ ಕಣಜ

ಹೊಸ ಇಸ್ಪೀಟು ಕಟ್ಟುಗಳ ಸೀಲು ಹರಿದು, ಎಲೆಗಳನ್ನು ಒಂದೊಂದಾಗಿ ಬೇರೆ ಬೇರೆ ಗುಡ್ಡೆ ಹಾಕಲು ಕುಳಿತ ದಿನ ನಮ್ಮೂರಿನ ಇಬ್ಬರು ಜಾದೂಗಾರರು ಎದುರಿಗೇ ಇದ್ದರು. ಹತ್ತನೆಯ ಕಟ್ಟಿಗೆ ಬರುವಷ್ಟರಲ್ಲಿ ಹಿರಿಯರಿಗೆ ತಡೆಯಲಾಗಲಿಲ್ಲ. "ಎಷ್ಟು ಒಡೆಯುತ್ತೀಯ ಮಾರಾಯ?" ಎಂದರು. "ಐವತ್ತೆರಡು" ಎಂದೆ. "ಹದಿನೈದು ಸಾವಿರವನ್ನು ತುಂಗೆಗೆ ಸುರಿದ ಹಾಗಾಯಿತು" ಎಂದು ಕಾಫಿ ಲೋಟ ಕೆಳಗಿಟ್ಟು ಎದ್ದು ಹೋದರು. ಅದು 2022ರ ಏಪ್ರಿಲ್. ಸಹಿ ಹಾಕಿಸಿ ಕೊಟ್ಟುಬಿಡುವ ಎಲೆಗಳ ಜಾಗಕ್ಕೆ ಅದೇ ಎಲೆಯನ್ನು ತುಂಬಲು, ಹಾಗೆ ಒಡೆದ ಎಲೆಗಳನ್ನು ನಾನು ಒಂದು ಪೆಟ್ಟಿಗೆಯಲ್ಲಿ ಜೋಡಿಸಿಟ್ಟಿದ್ದೇನೆ. ಈಗ ಅವರ ಮನೆಯಲ್ಲೂ ಅಂಥದ್ದೇ ಪೆಟ್ಟಿಗೆ ಇದೆ. ಅಳತೆ ತೆಗೆದುಕೊಂಡು ಹೋಗಲು ಬಂದವರು ನನ್ನ ಮನೆಗೇ. ಹಾಗಾಗಿ ಈ ಲೆಕ್ಕವನ್ನೆಲ್ಲ ಒಮ್ಮೆ ಬರೆದಿಡೋಣ ಎನಿಸಿತು.

ನನ್ನ ಕೆಲಸ ಮುಖ್ಯವಾಗಿ ಮೇಜಿನಿಂದ ಮೇಜಿಗೆ ಹೋಗಿ ತೋರಿಸುವ ಜಾದೂ. ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯ ಮದುವೆ ಆರತಕ್ಷತೆಗಳು, ನಾಮಕರಣಗಳು, ತಿಂಗಳಿಗೊಂದೆರಡು ಬಾರಿ ಬೆಂಗಳೂರಿನ ಕಂಪನಿಗಳ ಔತಣಕೂಟ. ವರ್ಷಕ್ಕೆ ಅರವತ್ತರ ಆಸುಪಾಸು. ಪ್ರತಿ ಮೇಜಿನಲ್ಲೂ ಕೊನೆಯ ಆಟ ಸಹಿ ಹಾಕಿಸಿದ ಎಲೆಯದ್ದು. ಎಲೆ ಎಳೆಯಿರಿ ಎಂದು ನಾನು ಹೇಳುವುದಿಲ್ಲ, ಒಂದು ಎಲೆಯ ಹೆಸರು ಹೇಳಿ ಎನ್ನುತ್ತೇನೆ. ಹೇಳಿದ ಎಲೆಯ ಮೇಲೆ ಅವರ ಸಹಿ ಬೀಳುತ್ತದೆ, ಕಟ್ಟಿನೊಳಗೆ ಕಳೆದುಹೋಗುತ್ತದೆ, ಆಮೇಲೆ ಎಲ್ಲಿಂದ ಬರಬೇಕೋ ಅಲ್ಲಿಂದ ಬರುತ್ತದೆ. ಬಂದ ಎಲೆ ಅವರದ್ದು. ವಾಪಸು ಕೇಳಿದ ದಿನವೇ ಇಲ್ಲ. ಸಹಿ ಹಾಕಿದ ಎಲೆಯನ್ನು ಮರಳಿ ಚೀಲಕ್ಕೆ ಹಾಕಿಕೊಂಡು ಹೋಗುವ ಜಾದೂಗಾರ ಅವರ ಕೈಯಿಂದ ತಾಂಬೂಲ ಕಿತ್ತುಕೊಂಡಂತೆ ಕಾಣುತ್ತಾನೆ. ಇದು ನನ್ನ ಗಟ್ಟಿಯಾದ ಅಭಿಪ್ರಾಯ.

ತೊಂದರೆ ಶುರುವಾಗುವುದು ಅಲ್ಲೇ. ಹನ್ನೆರಡು ಮೇಜು ಮುಗಿದರೆ ಕೈಯಲ್ಲಿ ಉಳಿಯುವುದು 40 ಎಲೆ. ತೀರ್ಥಹಳ್ಳಿಯ ಒಂದು ಮದುವೆಯಲ್ಲಿ ಒಂಬತ್ತನೆಯದೋ ಹತ್ತನೆಯದೋ ಮೇಜು. ಕಲಸಿ ಕೊಡಿ ಎಂದು ಒಬ್ಬ ಅಜ್ಜನವರ ಕೈಗೆ ಕಟ್ಟು ಕೊಟ್ಟೆ. ಅವರು ಕಲಸಲಿಲ್ಲ. ಎಡಗೈಯಲ್ಲಿ ಹಿಡಿದು, ಹೆಬ್ಬೆರಳಿನಿಂದ ಅಂಚನ್ನು ಒಮ್ಮೆ ಸವರಿ, ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ, "ಮಾಣಿ, ಇದರಲ್ಲಿ ಹತ್ತು ಎಲೆ ಕಡಿಮೆ ಇದೆಯಲ್ಲ?" ಎಂದರು. ಐವತ್ತು ವರ್ಷ ರಮ್ಮಿ ಆಡಿದ ಬೆರಳು ಅದು. ಎಣಿಸಿದರೆ 43 ಇದ್ದವು, ಅಂದರೆ ಒಂದೇ ಎಲೆಯ ತಪ್ಪು. ಆ ಮೇಜಿನಲ್ಲಿ ಆಮೇಲೆ ನಾನು ಏನು ಮಾಡಿದರೂ ಎಲ್ಲರ ಕಣ್ಣು ಆ ಕಡಿಮೆ ಎಲೆಗಳ ಮೇಲೆಯೇ ಇತ್ತು.

ಇನ್ನೊಂದು ತೊಂದರೆ ಫೇರೋ ಹಾಕುವವರಿಗೆ, ಅಂದರೆ ಕಟ್ಟನ್ನು ಸರಿಯಾಗಿ ಅರ್ಧ ಮಾಡಿ ಒಂದರ ನಡುವೆ ಒಂದರಂತೆ ಎಲೆ ಹೆಣೆದು ಕಲಸುವವರಿಗೆ ಮಾತ್ರ ಗೊತ್ತು. ಪೂರ್ತಿ 52 ಎಲೆ ಇದ್ದರೆ, ಮೇಲಿನ ಮತ್ತು ಕೆಳಗಿನ ಎಲೆ ಕದಲದಂತೆ ಎಂಟು ಬಾರಿ ತಪ್ಪಿಲ್ಲದೆ ಹಾಕಿದರೆ ಕಟ್ಟು ಮೊದಲಿನ ಕ್ರಮಕ್ಕೆ ಬರುತ್ತದೆ. ಎರಡು ಎಲೆ ಹೋಗಿ 50 ಆಯಿತೆನ್ನಿ, ಎಂಟರ ಬದಲು ಇಪ್ಪತ್ತೊಂದು ಬಾರಿ ಬೇಕು. ಮೊದಲ ಎರಡು ಮೇಜು ಮುಗಿಯುವಷ್ಟರಲ್ಲಿ ನನ್ನ ಅರ್ಧ ಆಟಗಳು ಸತ್ತುಹೋಗುತ್ತಿದ್ದವು.

ಆಗ ನಾನು ಮಾಡುತ್ತಿದ್ದುದು ಎಲ್ಲರೂ ಮಾಡುವುದನ್ನೇ. ನಾಲ್ಕೈದು ಮೇಜಿಗೆ ಒಂದರಂತೆ ಕಟ್ಟು ಬದಲಿಸುವುದು, ಮನೆಗೆ ಬಂದು ಕೊರತೆಯಾದ ಕಟ್ಟುಗಳನ್ನು ಪೆಟ್ಟಿಗೆಗೆ ಎಸೆಯುವುದು, ಮುಂದಿನ ಬಾರಿ ಅವುಗಳಿಂದಲೇ ಹೇಗೋ ಒಂದು ಪೂರ್ತಿ ಕಟ್ಟು ಕೂಡಿಸುವುದು. ಕೂಡಿಸಿದ ಕಟ್ಟಿನಲ್ಲಿ ಒಂದೆಲೆ ಹೊಸದು, ಒಂದೆಲೆ ಕೊಳೆ. ಕಾರ್ಯಕ್ರಮಕ್ಕೆ ಸರಾಸರಿ ಒಂದೂವರೆ ಕಟ್ಟು ಹಾಳು. ವರ್ಷಕ್ಕೆ ತೊಂಬತ್ತು ಕಟ್ಟು, ಒಂದಕ್ಕೆ 350 ಎಂದರೂ ಮೂವತ್ತು ಸಾವಿರ ದಾಟುತ್ತಿತ್ತು. ಆ ಹಣಕ್ಕೆ ಒಳ್ಳೆಯ ಸ್ಪೀಕರ್ ಬರುತ್ತಿತ್ತು.

ಉಳಿಸಲು ಹೊರಟು ಕಳೆದುಕೊಂಡದ್ದೂ ಇದೆ. ಯುಗಾದಿ ಹತ್ತಿರ ಬಂದಾಗ ಅಂಗಡಿಗಳಲ್ಲಿ ರಾಶಿ ಬೀಳುವ ಐವತ್ತು ಅರವತ್ತು ರೂಪಾಯಿಯ ಕಟ್ಟುಗಳನ್ನು ಎರಡು ಡಜನ್ ತಂದೆ. ಇಸ್ಪೀಟು ಆಡುವವರಿಗೆ ಅವು ಸಾಕು, ನಮಗೆ ಸಾಲವು. ಮೊದಲ ದಿನ ಎಣ್ಣೆ ಹಚ್ಚಿದಂತೆ ಜಾರುತ್ತವೆ, ಮೂರನೆಯ ದಿನ ನಾಲ್ಕು ನಾಲ್ಕು ಎಲೆ ಅಂಟಿಕೊಂಡು ಬರುತ್ತವೆ. ಅದಕ್ಕಿಂತ ಕೆಟ್ಟದ್ದು ಶಾಯಿ. ಬೀಗರೊಬ್ಬರು ಸಹಿ ಹಾಕಿದರು, ನಾನು ಎಲೆಯನ್ನು ಅವರ ಜೇಬಿನಲ್ಲಿ ಇಟ್ಟೆ, ಹೊರತೆಗೆದಾಗ ಸಹಿ ಅರ್ಧ ಎಲೆಯ ಮೇಲೆ, ಅರ್ಧ ಅವರ ರೇಷ್ಮೆ ಅಂಗಿಯ ಮೇಲೆ. ಅಂಗಿಯ ಬೆಲೆಯನ್ನು ಅವರು ಕೇಳಲಿಲ್ಲ, ಆದರೆ ನನ್ನ ಸಂಭಾವನೆಯಲ್ಲಿ ಎರಡು ಸಾವಿರ ನಾನೇ ಬಿಟ್ಟೆ. ಪ್ಲಾಸ್ಟಿಕ್ ಎಲೆಗಳ ಕಥೆಯೂ ಅದೇ. ಮಳೆಗೆ ಜಗ್ಗುವುದಿಲ್ಲ, ಒರೆಸಿದರೆ ಫಳಫಳ, ಆದರೆ ಸಹಿಯೂ ಒರೆಸಿದರೆ ಹೋಗುತ್ತದೆ, ಎಲೆಯನ್ನು ಹರಿದು ತೋರಿಸುವ ಆಟಕ್ಕಂತೂ ಬರುವುದೇ ಇಲ್ಲ. ಆಮೇಲೆ ಆನ್‌ಲೈನಿನಲ್ಲಿ ಒಬ್ಬ ಮಾರಾಟಗಾರನ ಬಳಿ ಅಮೆರಿಕದ ಮಾಲು ಅರ್ಧ ಬೆಲೆಗೆ ಎಂದು ಹತ್ತು ಕಟ್ಟು ತರಿಸಿದೆ. ಡಬ್ಬಿ ಅಚ್ಚುಕಟ್ಟಾಗಿತ್ತು. ತೆರೆದರೆ ಬಣ್ಣದಂಗಡಿಯ ವಾಸನೆ, ಬಿಳಿ ಅಂಚು ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು. ನಕಲಿ. ಎರಡು ಸಾವಿರಕ್ಕೆ ನಾಮ ಬಿತ್ತು.

ಹೀಗಾಗಿ ಎಲ್ಲ ಬಿಟ್ಟು ಅಮೆರಿಕದ ಬೈಸಿಕಲ್ ಇಸ್ಪೀಟು, ಬೆನ್ನಿಗೆ ರೈಡರ್ ಬ್ಯಾಕ್ ಎಂಬ ಚಿತ್ತಾರ, ಕೆಂಪು, ಪೋಕರ್ ಅಳತೆ ಎಂದು ಗಟ್ಟಿ ಮಾಡಿಕೊಂಡೆ. 1885ರಿಂದ ಇರುವ ಹೆಸರು ಅದು. ಜನ ಎಲ್ಲೋ ನೋಡಿರುತ್ತಾರೆ, ಅನುಮಾನ ಬರುವುದಿಲ್ಲ. ನಮಗೆ ಬೇಕಾದ ಗಿಮಿಕ್ ಎಲೆಗಳೆಲ್ಲ, ಅಂದರೆ ಜಾದೂವಿಗೆಂದೇ ಮಾಡಿದ ವಿಶೇಷ ಎಲೆಗಳೆಲ್ಲ, ಅದೇ ಬೆನ್ನಿನಲ್ಲಿ ಸಿಗುತ್ತವೆ. ಕಾರಣ ಇಷ್ಟೇ.

ಈಗ ಕಣಜದ ವಿಷಯ. ಐವತ್ತೆರಡು ಕಟ್ಟು ಒಡೆದು ಎಲೆವಾರು ಜೋಡಿಸಿದರೆ ಪ್ರತಿ ಎಲೆಯ ಐವತ್ತೆರಡು ಪ್ರತಿಗಳು ಸಿಗುತ್ತವೆ. ಒಟ್ಟು 2,704 ಎಲೆ, ಒಂದೂ ವ್ಯರ್ಥವಿಲ್ಲ. ಜೋಕರ್‌ಗಳು 104 ಬೇರೆ, ಕಟ್ಟಿಗೆ ಎರಡರಂತೆ ಬರುವ ಜಾಹೀರಾತಿನ ಎಲೆಗಳು 104 ಬೇರೆ. ಕಾರ್ಯಕ್ರಮ ಮುಗಿಸಿ ಬಂದ ರಾತ್ರಿಯೇ ಯಾವ ಎಲೆ ಹೋಗಿದೆಯೋ ಅದನ್ನು ಕಣಜದಿಂದ ತೆಗೆದು ಕಟ್ಟಿಗೆ ಸೇರಿಸಿದರೆ ಮರುದಿನ ಮತ್ತೆ ಪೂರ್ತಿ 52. ಜೇಬಿನಲ್ಲೂ ಹೆಚ್ಚು ಹೋಗುವ ಎಂಟು ಎಲೆಗಳ ಪ್ರತಿ ಇಟ್ಟುಕೊಂಡರೆ ಮೇಜಿನಿಂದ ಮೇಜಿಗೆ ನಡೆಯುವ ದಾರಿಯಲ್ಲೇ ತುಂಬಿಸಬಹುದು. ಆ ಎಂಟನ್ನು ಯಾವ ಜೇಬಿನಲ್ಲಿ, ಯಾವ ಕ್ರಮದಲ್ಲಿ ಇಡುತ್ತೇನೆ ಎನ್ನುವುದು ನನ್ನ ಬಳಿಯೇ ಇರಲಿ.

ಕಟ್ಟುಗಳನ್ನು ಹೊಂದಿಸಿದ್ದೇ ಒಂದು ಸಾಹಸ. ಅಕ್ಕ ಮತ್ತು ಭಾವ ನ್ಯೂಜೆರ್ಸಿಯಲ್ಲಿದ್ದಾರೆ. ಅಲ್ಲಿ ಹನ್ನೆರಡು ಕಟ್ಟುಗಳ ಪೆಟ್ಟಿಗೆ ಸಗಟು ಮಳಿಗೆಯಲ್ಲಿ ಅಗ್ಗ. ನಮ್ಮ ಲೆಕ್ಕದಲ್ಲಿ ಕಟ್ಟಿಗೆ ಇನ್ನೂರು ಚಿಲ್ಲರೆ ಬಿತ್ತು. ಭಾವ ನಾಲ್ಕು ಪೆಟ್ಟಿಗೆ ತಂದರು. ನಾಲ್ಕೂವರೆ ಕಿಲೋ ಇಸ್ಪೀಟಿಗಾಗಿ ಅಕ್ಕ ತನ್ನ ಸೂಟ್‌ಕೇಸಿನಿಂದ ಅಷ್ಟೇ ತೂಕದ ಬಟ್ಟೆ ತೆಗೆದಿಟ್ಟಿದ್ದಳು. ಬಿಚ್ಚಿದರೆ ಪ್ರತಿ ಪೆಟ್ಟಿಗೆಯಲ್ಲೂ ಆರು ಕೆಂಪು, ಆರು ನೀಲಿ. ಕೆಂಪೇ ಬೇಕು ಎಂದು ಹೇಳಲು ನನಗೆ ಹೊಳೆದಿರಲಿಲ್ಲ. ಆಗ ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಕೆಲಸ ಮಾಡಿ ತೀರಿಸುವ ನಮ್ಮ ಮಲೆನಾಡಿನ ಮುಯ್ಯಾಳು ಪದ್ಧತಿ ನೆನಪಾಯಿತು. ಹುಬ್ಬಳ್ಳಿಯ ಒಬ್ಬರಿಗೆ, ಮೈಸೂರಿನ ಒಬ್ಬರಿಗೆ ಎಂಟೆಂಟು ನೀಲಿ ಕೊಟ್ಟು ಅಷ್ಟೇ ಕೆಂಪು ತಂದೆ. ಉಳಿದ ಹನ್ನೆರಡನ್ನು ಬೆಂಗಳೂರಿನ ಜಾದೂ ಸಾಮಗ್ರಿಯವರ ಬಳಿ ಪೂರ್ತಿ ಬೆಲೆಗೆ ಕೊಂಡೆ. ಎಲ್ಲ ಸೇರಿ ಹದಿನಾಲ್ಕು ಹದಿನೈದು ಸಾವಿರ ಆಯಿತು. ತೀರಿಹೋದ ಹಿರಿಯ ಜಾದೂಗಾರರೊಬ್ಬರ ಮನೆಯವರು ಕೊಟ್ಟ ಮೂರು ಹಳೆಯ ಕಟ್ಟು ಕೂಡ ಇದ್ದವು. ಬೈಸಿಕಲ್ ಕಾರ್ಖಾನೆ 2009ರಲ್ಲಿ ಕೆಂಟುಕಿಗೆ ಹೋಗುವುದಕ್ಕೆ ಮೊದಲು ಸಿನ್ಸಿನಾಟಿಯಲ್ಲಿ ಅಚ್ಚಾದವು, ನೀಲಿ ಸೀಲಿನವು. ಅವುಗಳನ್ನು ಒಡೆಯಲು ಕೈ ಬರಲಿಲ್ಲ. ಇಂದಿಗೂ ಸೀಲು ಹಾಗೆಯೇ ಇದೆ.

ಇಡಲು ಜಾಗ? ಗಾಂಧಿ ಬಜಾರಿನ ಹಳೆಯ ಗ್ರಂಧಿಗೆ ಅಂಗಡಿಯೊಂದು ಮುಚ್ಚಿದಾಗ ಅದರ ಮರದ ಪೆಟ್ಟಿಗೆಯನ್ನು ಕೊಂಡಿದ್ದೆ. ನಲವತ್ತು ಪುಟ್ಟ ಖಾನೆಗಳು, ಕೆಲವು ಖಾನೆಗಳಲ್ಲಿ ಇನ್ನೂ ಹಿಪ್ಪಲಿಯ ವಾಸನೆ. ಎಕ್ಕದಿಂದ ಹತ್ತರವರೆಗೆ ನಾಲ್ಕು ಜಾತಿಯ ಎಲೆಗಳು ಸರಿಯಾಗಿ ನಲವತ್ತು. ರಾಜ, ರಾಣಿ, ಗುಲಾಮರ ಹನ್ನೆರಡು ಗುಡ್ಡೆಗಳಿಗೆ ಬಿಸ್ಕತ್ತಿನ ತಗಡಿನ ಡಬ್ಬಗಳು. ಇಷ್ಟು ಚೆನ್ನಾಗಿ ಹೊಂದಿಕೊಂಡ ವ್ಯವಸ್ಥೆಯನ್ನು ನಾನು ಬೇರೆ ಯಾವ ಜಾದೂಗಾರನ ಮನೆಯಲ್ಲೂ ನೋಡಿಲ್ಲ.

ಆದರೆ ಮೊದಲ ಮಳೆಗಾಲ ಎಲ್ಲ ಮಣ್ಣುಪಾಲು ಮಾಡಿತು. ಜುಲೈ ಎರಡನೆಯ ವಾರ ಖಾನೆ ಎಳೆದರೆ ಎಲೆಗಳು ಹಪ್ಪಳದಂತೆ ಸೊಟ್ಟಗಾಗಿದ್ದವು. ಕೆಳಗಿನ ಸಾಲಿನಲ್ಲಿ ಬೂಷ್ಟು. ಮುನ್ನೂರರಷ್ಟು ಎಲೆ ಹೋದವು. ಅಮ್ಮ ಹಪ್ಪಳ, ಸಂಡಿಗೆ ಇಡುವ ಹಾಗೆ ಅಡುಗೆಮನೆಯ ಅಟ್ಟದ ಮೇಲೆ ಇಟ್ಟು ನೋಡಿದೆ. ಒಣಗಿದವು, ಆದರೆ ಈ ಬಾರಿ ಇನ್ನೊಂದು ದಿಕ್ಕಿಗೆ ಬಾಗಿ, ಹೊಗೆಯ ವಾಸನೆ ಹೊತ್ತು ಬಂದವು. ಬೆಂಗಳೂರಿನ ಔತಣಕೂಟದಲ್ಲಿ ಒಬ್ಬರು ಎಲೆಯನ್ನು ಮೂಸಿ ನೋಡಿದರು. ಕೊನೆಗೆ ಕೈ ಹಿಡಿದ ಉಪಾಯ ಹೀಗಿದೆ: ಮೇ ಕೊನೆಗೆ ಎಲ್ಲವನ್ನೂ ಖಾನೆಗಳಿಂದ ತೆಗೆದು ತಗಡಿನ ಡಬ್ಬಗಳಿಗೆ ತುಂಬುವುದು, ಚಪ್ಪಲಿ ಅಂಗಡಿಯವರು ಎಸೆಯುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಡಬ್ಬಕ್ಕೆ ಐದಾರರಂತೆ ಹಾಕುವುದು, ಮುಚ್ಚಳದ ಸುತ್ತ ಟೇಪು. ರಬ್ಬರ್ ಬ್ಯಾಂಡ್ ಹಾಕಲೇಬೇಡಿ, ಅಂಚು ಕಚ್ಚುತ್ತದೆ. ಕೆಲಸದ ಕಟ್ಟುಗಳಿಗೆ ಬಡಗಿಯಿಂದ ಎರಡು ಹಲಗೆಯ ಒತ್ತುಪೆಟ್ಟಿಗೆ ಮಾಡಿಸಿದ್ದೇನೆ. ನಾಲ್ಕು ಮೂಲೆಗೆ ಬೋಲ್ಟು, ಚಿಟ್ಟೆ ನಟ್ಟು. ಮಜೂರಿ ಸೇರಿ 400 ಆಗಿತ್ತು. ಆಗುಂಬೆಯಲ್ಲಿ ಸುರಿಯುವ ಮಳೆಯಲ್ಲಿ ಕಾರ್ಯಕ್ರಮ ಕೊಟ್ಟು ಬಂದರೂ ಬೆಳಗಾಗುವಷ್ಟರಲ್ಲಿ ಕಟ್ಟು ನೆಟ್ಟಗಾಗಿರುತ್ತದೆ.

ಎರಡನೆಯ ಪೆಟ್ಟು ಬಣ್ಣದ್ದು. ಬೇರೆ ಬೇರೆ ಕಡೆಯಿಂದ ಬಂದ ಕೆಂಪುಗಳು ಒಂದೇ ಕೆಂಪಲ್ಲ. ಮೊದಲು ನನಗೆ ಕಾಣಿಸಿರಲಿಲ್ಲ. ಸಾಗರದ ಒಂದು ಶಾಲೆಯಲ್ಲಿ ಎಲೆಗಳನ್ನು ಬೀಸಣಿಗೆಯಂತೆ ಬಿಡಿಸಿದಾಗ ಮುಂದಿನ ಸಾಲಿನ ಹುಡುಗಿ, "ಸರ್, ಆ ಎಲೆ ಮಾತ್ರ ಬೇರೆ ಬಣ್ಣ" ಎಂದು ಬೆರಳು ತೋರಿಸಿದಳು. ಅವಳು ತೋರಿಸಿದ್ದು ಹಿಂದಿನ ರಾತ್ರಿ ನಾನು ಸೇರಿಸಿದ ಎಲೆಯನ್ನೇ. ಮನೆಗೆ ಬಂದು ಎರಡು ಹಗಲು ಕುಳಿತು ಎಲ್ಲ ಎಲೆಗಳನ್ನೂ ಕಿಟಕಿಯ ಬಳಿ ಹೋಲಿಸಿ ಮೂರು ತಂಡ ಮಾಡಿದೆ. ಈಗ ಪ್ರತಿ ಖಾನೆಯಲ್ಲೂ ತಂಡಗಳ ನಡುವೆ ರಟ್ಟಿನ ತುಂಡು ಇದೆ. ಕೆಲಸದ ಕಟ್ಟಿನ ಡಬ್ಬಿಯ ಒಳಗೆ ಪೆನ್ಸಿಲಿನಲ್ಲಿ ಒಂದು, ಎರಡು, ಮೂರು ಚುಕ್ಕೆ. ಯಾವ ತಂಡದ ಕಟ್ಟೋ ಅದೇ ತಂಡದ ಎಲೆ.

ಬಣ್ಣ ಸರಿಹೋದರೂ ಹೊಸ ಎಲೆಯ ಅಂಚು ಹಳೆಯ ಕಟ್ಟಿನಲ್ಲಿ ಬಿಳಿ ಗೆರೆಯಾಗಿ ಹೊಳೆಯುತ್ತದೆ. ಹೊಸ ಎಲೆಯನ್ನು ಎರಡು ನಿಮಿಷದಲ್ಲಿ ಮೂರು ಕಾರ್ಯಕ್ರಮ ಕಂಡ ಎಲೆಯಂತೆ ಮಾಡುವ ಒಂದು ದಾರಿ ನನಗೆ ಸಿಕ್ಕಿದೆ. ಟೀಪುಡಿ, ಧೂಳು, ಮರಳುಕಾಗದ ಯಾವುದೂ ಅಲ್ಲ, ಅವನ್ನೆಲ್ಲ ಮಾಡಿ ಎಲೆ ಕೆಡಿಸಿಕೊಂಡಾಗಿದೆ. ಬಳಸುವ ವಸ್ತು ಎಲ್ಲರ ಮನೆಯಲ್ಲೂ ಇದೆ. ಇಷ್ಟು ಸುಳಿವು ಸಾಕು.

ಮಧ್ಯೆ ಮಾಡಿದ ಕೆಲವು ಪ್ರಯೋಗಗಳನ್ನೂ ಹೇಳಿಬಿಡುತ್ತೇನೆ. ಹಾಳಾದ ಆ ಮುನ್ನೂರು ಎಲೆಗಳಲ್ಲಿ ಕೆಲವನ್ನು ನೀರಿನಲ್ಲಿ ನೆನೆಸಿದೆ. ಇಸ್ಪೀಟೆಲೆ ಎಂದರೆ ನಡುವೆ ಕಪ್ಪು ಅಂಟು ಹಾಕಿ ಕೂಡಿಸಿದ ಎರಡು ಕಾಗದ. ನೆನೆದ ಮೇಲೆ ಮೂಲೆಯಿಂದ ನಿಧಾನವಾಗಿ ಎಳೆದರೆ ಬಾಳೆಯ ಪಟ್ಟೆಯಂತೆ ಬಿಚ್ಚಿಕೊಳ್ಳುತ್ತವೆ. ಎರಡು ಮುಖಗಳನ್ನು ಕೂಡಿಸಿ ಅಂಟಿಸಿ, ಬೀಸುವ ಕಲ್ಲಿನ ಕೆಳಗೆ ಎರಡು ದಿನ ಇಟ್ಟೆ. ನಾಲ್ಕರಲ್ಲಿ ಒಂದು ಮಾತ್ರ ಬಳಸುವಂತಾಯಿತು. ಕೊಂಡ ಎಲೆಯೇ ಅಗ್ಗ, ಆದರೆ ನನಗೆ ಬೇಕಾದ ವಿಚಿತ್ರ ಜೋಡಿಯೊಂದು ಮಾರುಕಟ್ಟೆಯಲ್ಲಿ ಇಲ್ಲವಾದ್ದರಿಂದ ಶ್ರಮ ದಂಡವಾಗಲಿಲ್ಲ. ಗೋವಾದ ಕ್ಯಾಸಿನೊ ಒಂದರಲ್ಲಿ ಕೆಲಸಕ್ಕಿದ್ದ ಗೆಳೆಯ ನಡುವೆ ತೂತು ಕೊರೆದು ರದ್ದು ಮಾಡಿದ ಕಟ್ಟುಗಳನ್ನು ತಂದುಕೊಟ್ಟ. ಮೇಜಿನ ಆಟಕ್ಕೆ ಬಾರವು, ಅಭ್ಯಾಸಕ್ಕೆ ಚಿನ್ನ. ಮಕ್ಕಳ ಕಾರ್ಯಕ್ರಮದಲ್ಲಿ ತೂತಿಗೆ ರಿಬ್ಬನ್ ಪೋಣಿಸಿ ಒಂದು ಆಟ ಹೊಸೆದಿದ್ದೇನೆ, ಚೆನ್ನಾಗಿಯೇ ನಡೆಯುತ್ತಿದೆ.

ಗಂಜೀಫಾ ಎಂಬ ಹಳೆಯ ಕಾಲದ ಇಸ್ಪೀಟು ಮಾತ್ರ ನನ್ನನ್ನು ಸೋಲಿಸಿತು. ಮುಮ್ಮಡಿ ಕೃಷ್ಣರಾಜ ಒಡೆಯರು ಬಗೆಬಗೆಯ ಗಂಜೀಫಾ ಆಟಗಳನ್ನು ರೂಪಿಸಿದ ನಾಡಿನವನಾಗಿ ಗುಂಡಗಿನ ಎಲೆಯಲ್ಲಿ ಒಂದಾದರೂ ಆಟ ಕಟ್ಟಬೇಕೆಂಬ ಹಟವಿತ್ತು. ಚಿತ್ರಸಂತೆಯಲ್ಲಿ ದಶಾವತಾರದ ಎಲೆಗಳನ್ನು ಕೊಂಡೆ. ಪೂರ್ತಿ ಕಟ್ಟಿಗೆ ಹತ್ತು ಅವತಾರ, ಅವತಾರಕ್ಕೆ ಹನ್ನೆರಡರಂತೆ 120 ಎಲೆ. ನನಗೆ ಕೈಗೆಟುಕಿದ್ದು ಅದರಲ್ಲಿ ಎರಡು ಅವತಾರ ಮಾತ್ರ. ಅರಗು ಹಚ್ಚಿದ ದಪ್ಪ ಎಲೆ, ಮೂಲೆಯೇ ಇಲ್ಲ. ನಮ್ಮ ಬೆರಳು ಕಲಿತ ಹಿಡಿತವೆಲ್ಲ ಮೂಲೆಯನ್ನು ನಂಬಿದ್ದು. ಆರು ತಿಂಗಳು ಹೆಣಗಿ ಒಂದೇ ಒಂದು ಆಟ ಅರ್ಧ ಮಾಡಿದ್ದೇನೆ. ಅದರಲ್ಲಿ ವಾಮನನ ಎಲೆ ತಿರುಗಿ ನಿಲ್ಲುತ್ತದೆ. ಬಿಟ್ಟಿಲ್ಲ.

ಕೊಡುವ ವಿಷಯಕ್ಕೆ ಬರುತ್ತೇನೆ. ಸಹಿ ಹಾಕಿದ ಎಲೆಯ ಮೇಲೆ ನನ್ನ ಹೆಸರಾಗಲಿ, ಸಂಖ್ಯೆಯಾಗಲಿ ಒತ್ತುವುದಿಲ್ಲ. ಅದು ಅವರ ನೆನಪು, ಅಲ್ಲಿ ನನ್ನ ಜಾಹೀರಾತು ಸಲ್ಲದು. ಅದರ ಬದಲು ಒಂದು ಜೋಕರಿನ ಮೇಲೆ ಮೊಬೈಲ್ ಸಂಖ್ಯೆಯ ಮೊಹರು ಒತ್ತಿ, ಎರಡನ್ನೂ ಬೆನ್ನಿಗೆ ಬೆನ್ನು ಕೂಡಿಸಿ ಪುಟ್ಟ ಪಾರದರ್ಶಕ ಕವರಿನಲ್ಲಿ ಕೊಡುತ್ತೇನೆ. ಮಾಮೂಲಿ ಮೊಹರಿನ ಶಾಯಿ ಎಲೆಯ ಮೇಲೆ ಒಣಗುವುದೇ ಇಲ್ಲ. ತಿಂಡಿ ಪ್ಯಾಕೆಟ್ಟಿನ ಮೇಲೆ ದಿನಾಂಕ ಒತ್ತುವ ಬೇಗ ಒಣಗುವ ಶಾಯಿ ಬೇಕು. ಜೋಕರ್ ಎಲ್ಲ ಮೇಜಿಗೂ ಇಲ್ಲ, ಕಾರ್ಯಕ್ರಮಕ್ಕೆ ಎರಡೋ ಮೂರೋ. ಯಾರಿಗೆ ಕೊಡಬೇಕೆಂದು ಮುಖ ನೋಡಿದರೆ ಗೊತ್ತಾಗುತ್ತದೆ. ಮೊದಲ ನೂರು ಜೋಕರ್‌ಗಳಿಂದ ಇಪ್ಪತ್ತಕ್ಕೂ ಹೆಚ್ಚು ಕರೆ ಬಂದವು, ಒಂಬತ್ತು ಕಾರ್ಯಕ್ರಮವಾದವು. ಮುದ್ರಿಸಿದ ವಿಸಿಟಿಂಗ್ ಕಾರ್ಡು ಸಾವಿರ ಹಂಚಿದಾಗಲೂ ಇಷ್ಟು ಬಂದಿರಲಿಲ್ಲ. ಸಾಗರದಿಂದ ಒಬ್ಬ ಹೆಣ್ಣುಮಗಳು ಒಂದೂವರೆ ವರ್ಷದ ಮೇಲೆ ಕರೆ ಮಾಡಿ, "ನಮ್ಮ ಮದುವೆಯಲ್ಲಿ ನೀವು ಕೊಟ್ಟ ಆಟೀನ್ ಏಳು ಇವರ ಪರ್ಸಿನಲ್ಲಿ ಆಧಾರ್ ಕಾರ್ಡಿನ ಹಿಂದೆಯೇ ಇದೆ, ಮಗುವಿನ ನಾಮಕರಣಕ್ಕೆ ಬರಬೇಕು" ಎಂದರು. ಹೋದೆ. ಆ ಎಲೆ ಕೈಗೆ ತೆಗೆದುಕೊಂಡು ನೋಡಿದೆ. ಮೂಲೆ ದುಂಡಗಾಗಿ ಸವೆದಿತ್ತು, ಸಹಿ ಹಾಗೆಯೇ ಇತ್ತು.

ಮೂರು ಕಾರ್ಯಕ್ರಮ ಕಂಡ ಕಟ್ಟು ಅಭ್ಯಾಸಕ್ಕೆ ಇಳಿಯುತ್ತದೆ, ಅಲ್ಲಿಂದ ಕಲಿಯಲು ಬರುವ ಹುಡುಗರಿಗೆ, ಅಲ್ಲಿಂದ ಸರ್ಕಾರಿ ಶಾಲೆಯ ಗಣಿತದ ಮೇಷ್ಟ್ರಿಗೆ. ಸಂಭವನೀಯತೆ ಪಾಠಕ್ಕೆ ಇಸ್ಪೀಟಿನ ಲೆಕ್ಕವೇ ಇರುತ್ತದೆ, ಮಕ್ಕಳು ಎಲೆ ಮುಟ್ಟಿ ನೋಡಲಿ ಎಂದು ಅವರೇ ಕೇಳಿದರು. ಯುಗಾದಿಯ ದಿನ ಓಣಿಯವರು ಬಂದು ಕೇಳಿದರೆ ಮಾತ್ರ ಕೊಡುವುದಿಲ್ಲ. ಹಣ ಕಟ್ಟಿ ಆಡುವ ಮಂದಿಯ ನಡುವೆ ಜಾದೂಗಾರನ ಮನೆಯ ಕಟ್ಟು ಹೋದರೆ, ಯಾರೋ ಸೋತು ಜಗಳ ಬಂದಾಗ ಹೆಸರು ನನ್ನದೇ ಕೆಡುವುದು. ಚುನಾವಣೆಯ ಸಮಯದಲ್ಲಿ ಪ್ರಯಾಣ ಮಾಡುವಾಗ ಆಮಂತ್ರಣ ಪತ್ರಿಕೆಯನ್ನು ಚೀಲದ ಮೇಲೇ ಇಟ್ಟುಕೊಳ್ಳಿ. ತನಿಖೆಯಲ್ಲಿ ಹನ್ನೆರಡು ಕಟ್ಟು ಇಸ್ಪೀಟು ಹೊರಬಿದ್ದಾಗ ಆ ಪತ್ರಿಕೆಯೇ ನನ್ನನ್ನು ಕಾಪಾಡಿತು, ಆಮೇಲೆ ಅಲ್ಲಿಯೇ ಎರಡು ಆಟ ತೋರಿಸಿ ಹೊರಟೆ.

ವರ್ಷದ ಖರ್ಚು ಈಗ ಹೀಗಿದೆ: ಹೊಸ ಕೆಲಸದ ಕಟ್ಟು ಇಪ್ಪತ್ತು, ಆರೇಳು ಸಾವಿರ. ಕೊಟ್ಟುಬಿಡುವ ಎಲೆ ಏಳುನೂರ ಐವತ್ತರಷ್ಟು, ಎಲೆಗೆ ಐದೂವರೆ ರೂಪಾಯಿ ಹಿಡಿದರೆ ನಾಲ್ಕು ಸಾವಿರ. ಮೂವತ್ತು ಇದ್ದದ್ದು ಹನ್ನೊಂದಕ್ಕೆ ಇಳಿದಿದೆ. ಕೊಡುವ ಎಲೆಯಲ್ಲಿ ಒಂದನ್ನೂ ಕಡಿಮೆ ಮಾಡಿಲ್ಲ.

ಕಣಜ ಎಲ್ಲ ಖಾನೆಗಳಲ್ಲೂ ಸಮನಾಗಿ ಖಾಲಿಯಾಗುವುದಿಲ್ಲ ಎನ್ನುವುದು ಮೊದಲು ನನಗೆ ಹೊಳೆದಿರಲಿಲ್ಲ. ಹೆಸರು ಹೇಳಿ ಎಂದರೆ ಜನ ಹೇಳುವುದು ಆಟೀನ್ ರಾಣಿ, ಇಸ್ಪೀಟ್ ಎಕ್ಕ, ಆಮೇಲೆ ಏಳು, ಮೂರುಗಳು. ಆಟೀನ್ ರಾಣಿಯ ಡಬ್ಬ ಹದಿನಾಲ್ಕು ತಿಂಗಳಿಗೆ ಬರಿದಾಯಿತು. ಆಮೇಲೆ ಅದೇ ಎಲೆಯ ಐವತ್ತೆರಡು ಪ್ರತಿಗಳಿರುವ ಫೋರ್ಸ್ ಕಟ್ಟನ್ನು ಎರಡು ಬಾರಿ ತರಿಸಿ ತುಂಬಿದ್ದೇನೆ. ಮೊನ್ನೆ ಎಣಿಸಿದಾಗ ಮತ್ತೆ ಆರು ಉಳಿದಿದ್ದವು. ಇಸ್ಪೀಟ್ ಎಕ್ಕ ಹನ್ನೊಂದು. ಕಳಾವರ್ ನಾಲ್ಕರ ಖಾನೆ ಎಳೆದರೆ ಇನ್ನೂ ಬಿಗಿಯಾಗಿಯೇ ಬರುತ್ತದೆ, ಮಳೆಗೆ ಹೋದವನ್ನು ಬಿಟ್ಟರೆ ಹೊರಗೆ ಹೋದದ್ದು ಮೂರೇ ಎಲೆ. ಡಿಸೆಂಬರ್‌ನಲ್ಲಿ ಅಕ್ಕ, ಭಾವ ಬರುತ್ತಾರೆ. ಏನೇನು ತರಬೇಕೆಂಬ ಪಟ್ಟಿ ಹೋಗಿದೆ. ಈ ಬಾರಿ ಮೊದಲ ಸಾಲಿನಲ್ಲೇ 'ಕೆಂಪು ಮಾತ್ರ' ಎಂದು ಬರೆದಿದ್ದೇನೆ.